ಗೂಳೂರಿನ ಕೆರೆಮಣ್ಣು, ತಲಪರಿಗೆಯ ತಿಳಿನೀರು: ಬಯಲುಸೀಮೆಯ ಓಯಸಿಸ್‌ಗಳ ಅಳಿವು-ಉಳಿವು

ತುಮಕೂರು ನಗರದಿಂದ ಕುಣಿಗಲ್ ಮಾರ್ಗದಲ್ಲಿ ಐದಾರು ಕಿಲೋಮೀಟರ್ ಸಾಗಿದರೆ ಸಿಗುವ ಗೂಳೂರು ನಾಡಿನ ಜನರಿಗೆ ಪರಿಚಿತವಾಗಿರುವುದು ಅಲ್ಲಿನ ಮಹಾಗಣಪತಿಯಿಂದ. ಉಳಿದೆಡೆ ಭಾದ್ರಪದ ಚೌತಿಯಂದು ಗಣಪನನ್ನು ಕೂರಿಸಿ ಪೂಜಿಸಿದರೆ, ಗೂಳೂರಿನಲ್ಲಿ ಅಂದು ಮೂರ್ತಿಯ ಕೆಲಸವಷ್ಟೇ ಆರಂಭವಾಗುತ್ತದೆ. ಊರ ಕೆರೆಯಿಂದ ತಂದ ಮಣ್ಣನ್ನು ಹದಮಾಡಿ, ದೀಪಾವಳಿಯ ಬಲಿಪಾಡ್ಯಮಿಯ ಹೊತ್ತಿಗೆ ಬೃಹತ್ ಮೂರ್ತಿಯನ್ನು ಪೂರ್ಣಗೊಳಿಸುತ್ತಾರೆ. ಕಾರ್ತಿಕ ಮಾಸದುದ್ದಕ್ಕೂ ಪೂಜೆ ಪಡೆದ ಗಣಪ ಕೊನೆಗೆ ಅದೇ ಕೆರೆಯನ್ನು ಸೇರುತ್ತಾನೆ. ಹದಿನೆಂಟು ಕೋಮಿನವರು ಕೂಡಿ ನಡೆಸುವ ಈ ಉತ್ಸವಕ್ಕೆ ಭೃಗು ಮಹರ್ಷಿಗಳ ಹೆಸರಿನ ಐತಿಹ್ಯವೂ ಉಂಟು.

ಐತಿಹ್ಯದ ಮಾತು ಹಾಗಿರಲಿ. ಈ ಆಚರಣೆ ನಡೆಯಬೇಕಾದರೆ ಕೆರೆಗೆ ಪ್ರತಿವರ್ಷ ಹೊಸ ಗೋಡು ಬರಬೇಕು, ಆ ಗೋಡನ್ನು ಊರವರು ಎತ್ತಬೇಕು, ಕಾರ್ತಿಕದ ಕೊನೆಯಲ್ಲಿ ಮೂರ್ತಿ ಮುಳುಗುವಷ್ಟು ನೀರು ನಿಂತಿರಬೇಕು. ಅಂದರೆ ಜಲಾನಯನ, ಕಾಲುವೆ, ಏರಿ, ಕೋಡಿ ಎಲ್ಲವೂ ಸುಸ್ಥಿತಿಯಲ್ಲಿರಬೇಕು. ಬಯಲುಸೀಮೆಯ ಕೆರೆಗಳು ಇಂದು ಎದುರಿಸುತ್ತಿರುವ ಬಿಕ್ಕಟ್ಟನ್ನು ಅರಿಯಲು ಇದಕ್ಕಿಂತ ಸರಳವಾದ ಅಳತೆಗೋಲು ಸಿಗಲಾರದು.

ಓಯಸಿಸ್ ಎಂದರೆ ಯಾವುದು?

ಓಯಸಿಸ್ ಎಂದೊಡನೆ ಮರಳುಗಾಡು, ಒಂಟೆ, ಖರ್ಜೂರದ ಮರಗಳು ನೆನಪಾಗುತ್ತವೆ. ವಿಜ್ಞಾನದ ದೃಷ್ಟಿಯಲ್ಲಿ ಅದರ ಲಕ್ಷಣ ಮರಳಲ್ಲ. ಸುತ್ತಲೂ ಒಣಭೂಮಿಯಿದ್ದು, ಒಂದೆಡೆ ಮಾತ್ರ ನೀರು ನೆಲದ ಮೇಲ್ಮೈಗೆ ಸಮೀಪಿಸಿದಾಗ, ಆ ನೀರನ್ನು ಮನುಷ್ಯನು ಶ್ರಮದಿಂದ ಹಾಗೂ ಕಟ್ಟುಪಾಡಿನಿಂದ ಕಾಪಾಡಿಕೊಂಡು ಬಂದಾಗ ನಿರ್ಮಾಣವಾಗುವ ಹಸಿರು ದ್ವೀಪವೇ ಓಯಸಿಸ್. ಸಹಾರಾದ ಪ್ರಸಿದ್ಧ ಓಯಸಿಸ್‌ಗಳೂ ಕೇವಲ ಪ್ರಕೃತಿದತ್ತವಲ್ಲ, ತಲೆಮಾರುಗಳ ಗೇಯ್ಮೆಯಿಂದ ಉಳಿದುಬಂದವು.

ಈ ಅರ್ಥದಲ್ಲಿ ತುಮಕೂರು ಜಿಲ್ಲೆಯಲ್ಲಿ ಓಯಸಿಸ್‌ಗಳ ಸರಮಾಲೆಯೇ ಇದೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಉತ್ತರದ ಪಾವಗಡದಲ್ಲಿ ಇನ್ನೂ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲೇ ಸುರಿಯುತ್ತದೆ. ದಿಣ್ಣೆಗಳ ಮೇಲೆ ರಾಗಿ, ಹುರುಳಿ, ಅವರೆ. ತಗ್ಗಿನಲ್ಲಿ ಕೆರೆ, ಕೆರೆಯ ಹಿಂದೆ ಗದ್ದೆ, ಅದರಾಚೆ ತೆಂಗು-ಅಡಕೆಯ ತೋಟ. 'ಕಲ್ಪತರು ನಾಡು' ಎಂಬ ಬಿರುದು ಬಂದದ್ದು ಈ ತೋಟದ ಸಾಲಿನಿಂದ. ಅರಬ್ ನಾಡಿನ ಖರ್ಜೂರದ ಸ್ಥಾನದಲ್ಲಿ ಇಲ್ಲಿ ತೆಂಗು ನಿಂತಿದೆ. ಖರ್ಜೂರದ ಹತ್ತಿರದ ಬಂಧುವಾದ ಈಚಲು ಕೂಡ ಹಳ್ಳದ ದಂಡೆ, ಕೆರೆಯ ಹಿನ್ನೀರುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಹಿಂದಿನವರು ಬಾವಿ ತೋಡುವ ಮುನ್ನ ಈಚಲು, ಅತ್ತಿ, ಲಕ್ಕಿ ಗಿಡಗಳಿರುವ ಜಾಗವನ್ನು ನೋಡುತ್ತಿದ್ದುದು ಮೂಢನಂಬಿಕೆಯಲ್ಲ. ಅವುಗಳ ಬೇರು ಆಳವಿಲ್ಲದ ನೀರನ್ನು ಸೂಚಿಸುತ್ತದೆ.

ಜಿಲ್ಲೆಯ ಹೃದಯಭಾಗದಲ್ಲಿರುವ ದೇವರಾಯನದುರ್ಗದ ಬೆಟ್ಟಸಾಲು ಎರಡು ನದಿಗಳ ತವರು. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷಾ ಗುಬ್ಬಿ, ತುರುವೇಕೆರೆ, ಕುಣಿಗಲ್ ಸೀಮೆಗಳನ್ನು ಹಾದು ಕಾವೇರಿಗೆ ಸೇರುತ್ತದೆ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಬಂಡೆಯ ಸಂದಿನಿಂದ ಜಿನುಗುವ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ವನವಾಸದ ಕಾಲದಲ್ಲಿ ಶ್ರೀರಾಮ ಬಾಣ ಬಿಟ್ಟು ಚಿಮ್ಮಿಸಿದ ನೀರು ಇದೆಂಬುದು ಜನರ ನಂಬಿಕೆ. ನಗರದ ಹೊರವಲಯದ ಸಿದ್ಧಗಂಗಾ ಕ್ಷೇತ್ರಕ್ಕೆ ಹೆಸರು ಬಂದಿರುವುದೂ ಬೆಟ್ಟದ ಮೇಲಿನ ಇಂತಹುದೇ ಒಂದು ಒರತೆಯಿಂದ. ಒಣಸೀಮೆಯಲ್ಲಿ ಒರತೆ ಕಂಡಲ್ಲೆಲ್ಲ ಜನ ದೇವರನ್ನು ಕಂಡಿದ್ದಾರೆ. ಅದರಿಂದಾಗಿಯೇ ಅವುಗಳಲ್ಲಿ ಕೆಲವಾದರೂ ಉಳಿದಿವೆ ಎಂದರೆ ತಪ್ಪಾಗಲಾರದು.

ತಲಪರಿಗೆ: ನೆಲವೇ ಕೊಟ್ಟ ನೀರು

ಕೆರೆಗಳ ಬಗ್ಗೆ ಬರೆದವರು ಬಹಳ. ತಲಪರಿಗೆಗಳ ಬಗ್ಗೆ ನಗರದ ಓದುಗರು ಕೇಳಿರುವುದು ಕಡಿಮೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಹರಡಿರುವ ಈ ನೀರಿನ ತಾಣಗಳೇ ನಮ್ಮ ಸೀಮೆಯ ನಿಜವಾದ ಓಯಸಿಸ್‌ಗಳು. ತುಮಕೂರಿನ ಧಾನ್ಯ ಸಂಸ್ಥೆಯ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಇವುಗಳನ್ನು ಹುಡುಕಿ ದಾಖಲಿಸುವ ಕೆಲಸ ಮಾಡಿದ್ದಾರೆ.

ತಲಪರಿಗೆ ಎಂದರೆ ಬಾವಿಯಲ್ಲ, ಕೆರೆಯೂ ಅಲ್ಲ. ನೆಲದಡಿಯ ನೀರು ತಾನಾಗಿ ಮೇಲಕ್ಕೆ ಉಕ್ಕುವ ಜಾಗವನ್ನು ಗುರುತಿಸಿ, ಅಲ್ಲಿ ಕೆಲವೇ ಅಡಿ ಆಳದ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಉಕ್ಕಿದ ನೀರನ್ನು ಕಾಲುವೆಯ ಮೂಲಕ ಹರಿಯಬಿಡುವ ವ್ಯವಸ್ಥೆ ಅದು. ಸಾಮಾನ್ಯವಾಗಿ ಇವು ಕೆರೆಯ ಅಂಗಳದಲ್ಲಿ, ನದಿ-ಹಳ್ಳಗಳ ಮರಳಿನಲ್ಲಿ ಅಥವಾ ಗುಡ್ಡದ ತಪ್ಪಲಿನಲ್ಲಿ ಕಾಣಸಿಗುತ್ತವೆ. ಮೇಲೆ ಮರಳು ಮಿಶ್ರಿತ ಮಣ್ಣು, ಕೆಳಗೆ ನೀರಿಳಿಯದ ಗಟ್ಟಿ ಬಂಡೆ. ಮಳೆಗಾಲದಲ್ಲಿ ಇಂಗಿದ ನೀರು ಬಂಡೆಯ ಮೇಲೆ ಜಾರುತ್ತ ಬಂದು, ನೆಲ ತಗ್ಗಾದ ಕಡೆ ಹೊರಬೀಳುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಪಕ್ಕದಲ್ಲೊಂದು ಸಣ್ಣ ಕಟ್ಟೆಯಿದ್ದರೆ ರಾತ್ರಿಯಿಡೀ ಅದು ತುಂಬುತ್ತದೆ. ಬೆಳಗ್ಗೆ ತೂಬು ತೆರೆದು ಸರದಿಯ ಪ್ರಕಾರ ಗದ್ದೆಗೆ ಹಾಯಿಸುತ್ತಾರೆ. ಕೆರೆಯ ನೀರು ಮುಗಿದ ಮೇಲೆ ತಲಪರಿಗೆಯ ನೀರು ಬಳಕೆಗೆ ಬರುತ್ತದೆ ಎಂಬುದು ಇಲ್ಲಿನ ಮುಖ್ಯ ಸಂಗತಿ. ಕೆರೆ ಬತ್ತಿದರೂ ಅದರ ಅಂಗಳದ ತಲಪರಿಗೆ ತಿಂಗಳುಗಟ್ಟಲೆ ಜಿನುಗುತ್ತದೆ. ಬರಗಾಲದಲ್ಲಿ ಜನ-ಜಾನುವಾರುಗಳಿಗೆ ಅದೇ ಆಸರೆ.

ಈ ಪುಟ್ಟ ನೀರಿನ ಹಿಂದೆ ದೊಡ್ಡ ಕಟ್ಟುಪಾಡಿದೆ. ಬೇಸಿಗೆಯಲ್ಲಿ ನೀರುಣ್ಣುವ ಕುಟುಂಬಗಳೆಲ್ಲ ಮನೆಗೊಂದಾಳಿನಂತೆ ಬಂದು ಗುಂಡಿಯ ಹೂಳೆತ್ತಬೇಕು, ಕಾಲುವೆಯ ಗಿಡಗಂಟಿ ಸವರಬೇಕು. ಬಾರದವರು ಸರದಿಯ ಹಕ್ಕಿನ ಮಾತನ್ನೇ ಎತ್ತುವಂತಿಲ್ಲ. ನೀರು ಬಿಡುವ ಹೊಣೆ ನೀರಗಂಟಿಯದು. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು. ನೀರು ಕಡಿಮೆಯಾದ ವರ್ಷ ಯಾವ ಬಯಲಿಗೆ ಬೆಳೆ, ಯಾವುದಕ್ಕೆ ಬೀಳು ಎಂಬುದನ್ನು ಊರ ಹಿರಿಯರು ಕೂತು ತೀರ್ಮಾನಿಸುತ್ತಿದ್ದರು. ಈ ವ್ಯವಸ್ಥೆಯಲ್ಲಿ ಎಲ್ಲವೂ ನ್ಯಾಯವಾಗಿತ್ತು ಎಂದು ಹೇಳುವಂತಿಲ್ಲ. ಅಚ್ಚುಕಟ್ಟಿನಲ್ಲಿ ಭೂಮಿಯಿದ್ದವರಿಗೆ ನೀರಿನ ಹಕ್ಕಿತ್ತು. ಹೂಳೆತ್ತಿದ ಭೂಹೀನರಿಗೆ ಕೂಲಿಯಷ್ಟೇ ಸಿಗುತ್ತಿತ್ತು. ಹಳೆಯ ಪದ್ಧತಿಯನ್ನು ಹೊಗಳುವ ಭರದಲ್ಲಿ ಇದನ್ನು ಮರೆಯುವುದು ತರವಲ್ಲ.

ಮಧ್ಯಯುಗದ ಶಾಸನಗಳಲ್ಲಿ ಕೆರೆಯ ದುರಸ್ತಿಗಾಗಿ ಬಿಟ್ಟ 'ಬಿತ್ತುವಟ್ಟ', 'ದಸವಂದ' ಮುಂತಾದ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಹೂಳು ಸಾಗಿಸುವ ಬಂಡಿಗಳಿಗೆಂದೇ ದಾನ ಬಿಟ್ಟವರಿದ್ದಾರೆ. ಗೂಳೂರಿಗೆ ಅನತಿ ದೂರದ ಕೈದಾಳದಲ್ಲಿ 12ನೇ ಶತಮಾನದ ಮಧ್ಯಭಾಗದಲ್ಲಿ ಹೊಯ್ಸಳರ ಸಾಮಂತ ಬಾಚಿ ದೇವಾಲಯಗಳನ್ನು ಕಟ್ಟಿಸಿದ. ಜಕಣಾಚಾರಿಯ ಕಥೆಯಿಂದಾಗಿ ಅಲ್ಲಿನ ಚೆನ್ನಕೇಶವನನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಂತಹ ಗುಡಿಗಳನ್ನು ಪೊರೆದದ್ದು ಸುತ್ತಲಿನ ಗದ್ದೆಬಯಲು, ಗದ್ದೆಬಯಲನ್ನು ಪೊರೆದದ್ದು ಕೆರೆಯ ನೀರು. ಶಿಂಷೆಗೆ ಅಡ್ಡಲಾಗಿ ನಿಂತ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನಂತೂ ಲಂಕೆಯಿಂದ ಮರಳುವಾಗ ರಾಮನೇ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಕುಣಿಗಲ್ ದೊಡ್ಡಕೆರೆ ಜಾನಪದ ಹಾಡಿನ ಮೂಲಕ ಕನ್ನಡಿಗರೆಲ್ಲರ ಕಿವಿಗೆ ಬಿದ್ದಿದೆ.

ನೀರನ್ನು ನಂಬಿದ ಜೀವಲೋಕ

ಕೆರೆಯೆಂದರೆ ನೀರಾವರಿಯ ತೊಟ್ಟಿಯಷ್ಟೇ ಎಂಬ ತಿಳಿವಳಿಕೆ ಸರಿಯಲ್ಲ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳು ಊರ ನಡುವಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಮರದಡಿ ಮನೆಗಳಿದ್ದರೂ ಗ್ರಾಮಸ್ಥರು ಹಕ್ಕಿಗಳನ್ನು ಬೆದರಿಸುವುದಿಲ್ಲ. ಮರಿಗಳಿಗೆ ಮೀನು ತರಬೇಕಾದರೆ ಸುತ್ತಲಿನ ಕೆರೆಗಳಲ್ಲಿ ಮೊಣಕಾಲುದ್ದದ ನೀರು ಇರಬೇಕು. ಊರವರ ಅಕ್ಕರೆಯಿದ್ದರೂ ಕೆರೆಗಳು ಬತ್ತಿದರೆ ಹಕ್ಕಿಗಳಿಗೆ ಗೂಡು ಕಟ್ಟಲು ಕಾರಣವಿಲ್ಲ. ಗೂಳೂರಿನಿಂದ ಹೆಬ್ಬೂರಿನತ್ತ ಸಾಗುವ ದಾರಿಯ ನಾಗವಳ್ಳಿಯ ಸುತ್ತಮುತ್ತ ತೋಟದ ಬೇಲಿ, ಕುರುಚಲು ಮರಗಳ ನಡುವೆ ಕಾಡುಪಾಪ ಬದುಕಿದೆ. ರಾತ್ರಿ ಸಂಚರಿಸುವ ಈ ಪುಟ್ಟ ಪ್ರಾಣಿಗೆ ಕೊಂಬೆಯಿಂದ ಕೊಂಬೆಗೆ ಹಾದಿ ಬೇಕು. ರಸ್ತೆ ಅಗಲೀಕರಣ, ತಂತಿಬೇಲಿಗಳಿಂದ ಆ ಹಾದಿ ತುಂಡಾಗುತ್ತಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹುಲ್ಲುಗಾವಲು, ಗೋಕಟ್ಟೆ, ಕೆರೆ, ತೋಟ ಇವು ಒಂದನ್ನೊಂದು ಅವಲಂಬಿಸಿವೆ. ಒಂದನ್ನು ಮಾತ್ರ ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಹವಾಮಾನದ ಹೊಡೆತ

ಬರಗಾಲ ಈ ಸೀಮೆಗೆ ಹೊಸದಲ್ಲ. ಹೊಸದಾಗಿರುವುದು ಮಳೆಯ ನಡಾವಳಿ. ವಾತಾವರಣದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಪರಿಣಾಮವಾಗಿ ಮಳೆ ಸುರಿದಾಗ ಜಡಿದು ಸುರಿಯುತ್ತದೆ. ನಡುವಿನ ಒಣ ದಿನಗಳು ಉದ್ದವಾಗುತ್ತವೆ. 2021 ಮತ್ತು 2022ರಲ್ಲಿ ಅತಿವೃಷ್ಟಿಯಿಂದ ಜಿಲ್ಲೆಯಲ್ಲಿ ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಕೆಲವೆಡೆ ಏರಿಗಳಿಗೆ ಅಪಾಯ ಎದುರಾಯಿತು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಹದಿನೆಂಟು ತಿಂಗಳ ಅಂತರದಲ್ಲಿ ಒಂದೇ ಕೆರೆ ಉಕ್ಕಿಯೂ ಹರಿಯಿತು, ಬಿರಿದೂ ಹೋಯಿತು.

ಹದವಾದ ಸೋನೆ ಮಳೆ ನೆಲಕ್ಕೆ ಇಳಿಯುತ್ತದೆ. ಗಂಟೆಯೊಳಗೆ ಸುರಿಯುವ ಜಡಿಮಳೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆರೆಗೆ ಹೂಳನ್ನು ತುಂಬುತ್ತದೆಯೇ ಹೊರತು ಬಂಡೆಯ ಮೇಲಿನ ಜಲಪದರಕ್ಕೆ ಹೆಚ್ಚೇನೂ ಕೊಡುವುದಿಲ್ಲ. ತಲಪರಿಗೆಗಳು ಬದುಕಿರುವುದು ಆ ಪದರದಿಂದ. ಇನ್ನೊಂದೆಡೆ ಬಿಸಿಲು. ದಖ್ಖನ್ನಿನ ಒಣ ಭಾಗದಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಮಿಕ್ಕಿ ನೀರು ಆವಿಯಾಗುತ್ತದೆ. ಹೂಳು ತುಂಬಿ ತಟ್ಟೆಯಂತಾದ ಕೆರೆಯಲ್ಲಿ ನೀರಿನ ಆಳವೇ ಅಷ್ಟಿದ್ದರೆ ಗದ್ದೆಗೆ ಉಳಿಯುವುದೇನು?

ಶಿಂಷಾ ನದಿಗೆ ಕುಣಿಗಲ್ ತಾಲ್ಲೂಕಿನಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್ ವ್ಯವಸ್ಥೆಯಿದೆ. ನೀರು ನಿಗದಿತ ಮಟ್ಟ ಮೀರಿದೊಡನೆ ಯಾರೂ ಬಾಗಿಲು ತೆರೆಯದೆಯೇ ಹೊರಹರಿಯುತ್ತದೆ. ಎಂಟು ದಶಕಗಳ ಹಿಂದಿನ ಎಂಜಿನಿಯರುಗಳು ಜಡಿಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಊರ ಕೆರೆಗಳಿಗೆ ಕೋಡಿಯೇ ಆ ಸೈಫನ್. ಕೋಡಿಯ ಹಳ್ಳವನ್ನು ಒತ್ತುವರಿ ಮಾಡಿ ತೋಟ ಎಬ್ಬಿಸಿದ ಕಡೆಗಳಲ್ಲಿ ನೀರು ಏರಿಯನ್ನೇ ದಾರಿ ಮಾಡಿಕೊಳ್ಳುವುದು ಸಹಜ.

ಕೊಳವೆಬಾವಿ ಎಂಬ ಆಳದ ಸಾಲ

ಆದರೆ ಎಲ್ಲ ಹೊಣೆಯನ್ನೂ ಹವಾಮಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ತಲಪರಿಗೆಗಳು ಬತ್ತತೊಡಗಿದ್ದು ಕೊಳವೆಬಾವಿಗಳು ಬಂದ ಮೇಲೆ. ಜಿಲ್ಲೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಮೇಲಿನ ಶಿಥಿಲ ಪದರದಲ್ಲಿ ತೆರೆದ ಬಾವಿಯ ನೀರು, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಕೊಳವೆಬಾವಿಯ ನೀರು. ಕೆಳಗಿನದನ್ನು ಹೀರಿದಂತೆ ಮೇಲಿನದು ಬಿರುಕುಗಳ ಮೂಲಕ ಕೆಳಕ್ಕಿಳಿಯುತ್ತದೆ. ಮೊದಲು ತಲಪರಿಗೆ, ಆಮೇಲೆ ತೆರೆದ ಬಾವಿ, ಕೊನೆಗೆ ಕೊಳವೆಬಾವಿಯೇ ಬತ್ತುತ್ತದೆ. ಅಂತರ್ಜಲ ಸಮೀಕ್ಷೆಗಳಲ್ಲಿ ಜಿಲ್ಲೆಯ ಹಲವು ತಾಲ್ಲೂಕುಗಳು 'ಅತಿಬಳಕೆ'ಯ ವರ್ಗದಲ್ಲಿ ಸೇರಿವೆ. ಅಂತರ್ಜಲ ನಿಯಂತ್ರಣಕ್ಕೆಂದು ರಾಜ್ಯದಲ್ಲಿ 2011ರ ಕಾಯ್ದೆಯೊಂದಿದೆ. ತೋಟದಲ್ಲಿ ಯಂತ್ರ ಸದ್ದು ಮಾಡುವಾಗ ಅದರ ನೆನಪಾಗುವುದು ವಿರಳ.

ಆಳದ ನೀರಿನಲ್ಲಿ ಇನ್ನೊಂದು ಕೇಡಿದೆ. ಪಾವಗಡ, ಶಿರಾ, ಮಧುಗಿರಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಸುರಕ್ಷಿತ ಮಿತಿಯನ್ನು ಅನೇಕ ಕಡೆ ಮೀರಿದೆ. ಹಲ್ಲು ಕಂದುಗಟ್ಟುವುದು, ಮೂಳೆ ಬಾಗುವುದು ಅದರ ಫಲ. ಮಳೆಯ ನೀರು ಮರಳಿನಲ್ಲಿ ಸೋಸಿ ಬರುವ ತಲಪರಿಗೆಯಲ್ಲಿ ಬಂಡೆಯೊಡನೆ ನೀರಿನ ಒಡನಾಟ ಅಲ್ಪಕಾಲದ್ದು. ಹೀಗಾಗಿ ಈ ಸಮಸ್ಯೆ ಅಲ್ಲಿ ಕಡಿಮೆ. ಸಿಹಿನೀರಿನ ಒರತೆಯನ್ನು ಮುಚ್ಚಿಹೋಗಲು ಬಿಟ್ಟು, ಆಳದ ನೀರನ್ನು ಎತ್ತಿ, ಅದನ್ನು ಶುದ್ಧೀಕರಿಸಲು ಊರೂರಿಗೆ ಯಂತ್ರ ಕೂರಿಸುತ್ತಿದ್ದೇವೆ.

ಮರಳು ದಂಧೆಯ ಪಾಲೂ ಸಣ್ಣದಲ್ಲ. ಜಯಮಂಗಲಿ, ಶಿಂಷಾ ಪಾತ್ರಗಳ ಮರಳು ಬೆಂಗಳೂರಿನ ಕಟ್ಟಡಗಳಿಗೆ ಹೋಯಿತು. ಮರಳು ಮುಗಿದ ಮೇಲೆ ಕೆರೆಯಂಗಳದ ಮಣ್ಣನ್ನೇ ತೊಳೆದು 'ಫಿಲ್ಟರ್ ಮರಳು' ತಯಾರಾಯಿತು. ನೀರನ್ನು ಹಿಡಿದಿಟ್ಟುಕೊಳ್ಳುವ ಹಾಸು ಹೋದಮೇಲೆ ತಲಪರಿಗೆ ಉಳಿಯುವ ಮಾತೆಲ್ಲಿ? ಜಲಾನಯನದ ಗೋಮಾಳ, ದಿಣ್ಣೆಗಳಲ್ಲಿ ದಶಕಗಳ ಕಾಲ ನೆಟ್ಟ ನೀಲಗಿರಿಯೂ ನೆಲದ ತೇವವನ್ನು ಹೀರಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಕೆರೆಯಂಗಳಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಗೆ ಮಾತ್ರ ಯಾವ ಆದೇಶವೂ ತಟ್ಟಿಲ್ಲ.

ನಾಲೆಯ ನೀರು ಬಂದಿತು, ಆಮೇಲೆ?

ಗೂಳೂರು ಸೀಮೆಯ ಮಟ್ಟಿಗೆ ಬಿಕ್ಕಟ್ಟಿಗೆ ದೊರೆತ ಉತ್ತರ ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೊರಟ ನೀರು ಬಾಗೂರು-ನವಿಲೆ ಸುರಂಗವನ್ನು ಹಾದು ತುಮಕೂರು ಜಿಲ್ಲೆಗೆ ಬರುತ್ತದೆ. ನಗರದ ಕುಡಿಯುವ ನೀರಿಗಾಗಿ ಅದು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗುತ್ತದೆ. ಹಿಂದೆ ನಗರಕ್ಕೆ ನೀರುಣಿಸುತ್ತಿದ್ದ ಮೈದಾಳ ಕೆರೆಯ ಹೆಸರು ಹೊಸ ಬಡಾವಣೆಗಳ ಜನರಿಗೆ ತಿಳಿದಿರಲಿಕ್ಕಿಲ್ಲ. ಗೂಳೂರು-ಹೆಬ್ಬೂರು ಏತ ನೀರಾವರಿ ಯೋಜನೆ ಇದೇ ನೀರನ್ನು ಎತ್ತಿ ಈ ಎರಡು ಹೋಬಳಿಗಳ ಕೆರೆಗಳಿಗೆ ಹಾಯಿಸಲೆಂದು ರೂಪುಗೊಂಡದ್ದು.

ನಾಲೆಯ ನೀರಿನಿಂದ ಉಪಕಾರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲಿ ಊಟೆ ಏಳುತ್ತದೆ, ತೆಂಗು ಚೇತರಿಸಿಕೊಳ್ಳುತ್ತದೆ. ತೊಡಕಿರುವುದು ಅದರ ಅಡ್ಡಪರಿಣಾಮದಲ್ಲಿ. ಕೊಳವೆಯಿಂದ ನೀರು ಬರುತ್ತದೆಂದಾದ ಮೇಲೆ ರಾಜಕಾಲುವೆಯ ಚಿಂತೆ ಯಾರಿಗೆ? ಜಲಾನಯನದಲ್ಲಿ ಬಡಾವಣೆ ಎದ್ದರೂ, ಕಾಲುವೆ ಮುಚ್ಚಿದರೂ ಕೆರೆ ತುಂಬಿಯೇ ಕಾಣುತ್ತದೆ. ತನ್ನದೇ ಮಳೆನೀರನ್ನು ಹಿಡಿಯುವ ಶಕ್ತಿ ಕಳೆದುಕೊಂಡ ಕೆರೆ ಕ್ರಮೇಣ ನಾಲೆಯ ತುದಿಯ ತೊಟ್ಟಿಯಾಗುತ್ತದೆ. ಹೇಮಾವತಿಯೂ ಕಾವೇರಿ ಕಣಿವೆಯದೇ. ಮಳೆ ಕೈಕೊಟ್ಟ ವರ್ಷ ಜಲಾಶಯವೇ ತುಂಬದು. ಕಾವೇರಿಯ ಹಂಚಿಕೆಯ ತಗಾದೆ ಬೇರೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2024 ಮತ್ತು 2025ರಲ್ಲಿ ಜಿಲ್ಲೆಯ ರೈತರು ಬೀದಿಗಿಳಿದಾಗ, ಒಂದೇ ನಾಲೆಯನ್ನು ನಂಬಿದ ತಾಲ್ಲೂಕುಗಳು ಪರಸ್ಪರ ಎದುರಾಳಿಗಳಾದದ್ದನ್ನು ನಾಡು ನೋಡಿತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ಪಡೆದ ಎತ್ತಿನಹೊಳೆ ಯೋಜನೆಯ ಮೇಲೂ ಜಿಲ್ಲೆ ಕಣ್ಣಿಟ್ಟಿದೆ. ದೂರದ ನೀರು ಬೇಡವೆಂದಲ್ಲ. ಆದರೆ ಅದು ಊರ ನೀರಿಗೆ ಬೆಂಬಲವಾಗಬೇಕಿತ್ತು, ಬದಲಿಯಾಗಿ ನಿಂತಿದೆ.

ಹೊರಗಿನಿಂದ ಬಂದ ನೀರು ನಗರದಲ್ಲಿ ಬಳಕೆಯಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ತುಮಕೂರಿನ ಒಳಚರಂಡಿ ನೀರಿನ ಶುದ್ಧೀಕರಣ ಘಟಕವಿರುವುದು ಭೀಮಸಂದ್ರದಲ್ಲಿ. ಅಲ್ಲಿನ ಕೆರೆಗೆ ಕೊಳಚೆ ಸೇರುತ್ತಿದೆಯೆಂಬ ಗ್ರಾಮಸ್ಥರ ದೂರು ಹಳೆಯದು. ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಬಳಿಕ ಅಮಾನಿಕೆರೆಗೆ ನಡಿಗೆ ಪಥ, ದೀಪಗಳು ಬಂದವು. ವಾಯುವಿಹಾರಕ್ಕೆ ಸೊಗಸಾಗಿದೆ. ಕೆರೆಗೆ ದೀಪಕ್ಕಿಂತ ಹೆಚ್ಚಾಗಿ ಬೇಕಿರುವುದು ಶುದ್ಧ ಮಳೆನೀರು ಬರುವ ಕಾಲುವೆ.

ಬೇರೆ ನಾಡುಗಳ ಪಾಠ

ಮೊರಾಕ್ಕೊ ದೇಶದ ತಾಫಿಲಾಲೆತ್ ಓಯಸಿಸ್‌ನಲ್ಲಿ 'ಖೆತ್ತಾರ' ಎಂಬ ನೆಲದಡಿಯ ಕಾಲುವೆಗಳು ಶತಮಾನಗಳ ಕಾಲ ಖರ್ಜೂರದ ತೋಟಗಳಿಗೆ ನೀರುಣಿಸಿದವು. ನಮ್ಮ ಬೀದರಿನ ಸುರಂಗಬಾವಿಯೂ ಅದೇ ಪರ್ಷಿಯನ್ ಕುಲದ್ದು. 1971ರಲ್ಲಿ ಅಲ್ಲಿ ಹಸನ್ ಅದ್ದಾಖಿಲ್ ಅಣೆಕಟ್ಟೆ ಪೂರ್ಣಗೊಂಡಿತು, ಜತೆಗೆ ಮೋಟಾರು ಪಂಪುಗಳು ಬಂದವು. ಮೇಲ್ಪದರದ ನೀರು ಕುಸಿದು ಬಹಳಷ್ಟು ಖೆತ್ತಾರಗಳು ಬತ್ತಿದವು. ಅಣೆಕಟ್ಟೆ, ಪಂಪು, ಒಣಗಿದ ಒರತೆ ಎಂಬ ಈ ಕ್ರಮ ನಮಗೆ ಅಪರಿಚಿತವಲ್ಲ.

ಅಲ್ಜೀರಿಯಾದ ಎಲ್ ಊಯೆದ್ ಪಟ್ಟಣದ ಕಥೆ ಇನ್ನೂ ವಿಚಿತ್ರ. ಅಲ್ಲಿನ ರೈತರು ಮರಳಿನಲ್ಲಿ ದೊಡ್ಡ ಬಾಣಲೆಯಂತಹ ತಗ್ಗು ತೋಡಿ, ಅಂತರ್ಜಲಕ್ಕೆ ಬೇರು ತಾಗುವಂತೆ ಖರ್ಜೂರ ನೆಡುತ್ತಾರೆ. ಮರಕ್ಕೆ ನೀರು ಹಾಕುವ ಕೆಲಸವೇ ಇಲ್ಲ. 'ಘೌತ್' ಎಂಬ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಆದರೆ ಅದಕ್ಕೂ ಮುನ್ನವೇ ಪಟ್ಟಣಕ್ಕೆ ಆಳದ ಬಾವಿಗಳಿಂದ ಹೇರಳ ನೀರು ಬಂದು, ಒಳಚರಂಡಿಯಿಲ್ಲದೆ ಬಳಸಿದ ನೀರೆಲ್ಲ ನೆಲಕ್ಕಿಳಿದು, ಮಟ್ಟ ಮೇಲೇರಿ, ಅನೇಕ ಘೌತ್‌ಗಳು ಕೊಳಚೆಯಲ್ಲಿ ಮುಳುಗಿದ್ದವು. ನೀರಿನ ಕೊರತೆಯಿಂದಷ್ಟೇ ಅಲ್ಲ, ತಪ್ಪು ಜಾಗಕ್ಕೆ ಬಂದ ನೀರಿನಿಂದಲೂ ಓಯಸಿಸ್ ಸಾಯುತ್ತದೆ. ಭೀಮಸಂದ್ರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಳಿಸುವ ದಾರಿ

ಕೆರೆ ರಕ್ಷಣೆಯ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಜಲ ಸಂವರ್ಧನೆ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಊರೂರುಗಳಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು, ಹೂಳೆತ್ತಲಾಯಿತು, ತೂಬು ದುರಸ್ತಿಯಾಯಿತು. ಒಂದು ದಶಕದ ಬಳಿಕ ಯೋಜನೆ ಮುಗಿಯಿತು. ಹಣ ನಿಂತ ಮೇಲೆ ಸಂಘದ ಸಭೆಗಳೂ ನಿಂತ ಊರುಗಳಿವೆ. 2014ರಲ್ಲಿ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆ ಬಂದಿತು. 2022ರಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೆ 75ರಂತೆ ಅಮೃತ ಸರೋವರಗಳ ಗುರಿ ನೀಡಿತು. ಯೋಜನೆಗಳ ಹೆಸರು ಬದಲಾಗುತ್ತಿದ್ದರೂ ಕಾಮಗಾರಿಯ ಸ್ವರೂಪ ಬಹುಮಟ್ಟಿಗೆ ಒಂದೇ: ಯಂತ್ರದಿಂದ ಅಂಗಳ ಬಗೆಯುವುದು, ದಂಡೆಗೆ ಕಲ್ಲು ಹೊದಿಸುವುದು, ಫಲಕ ನೆಡುವುದು.

ಯಂತ್ರದಿಂದ ಆಳಕ್ಕೆ ಬಗೆದರೆ ತಳದ ಜೇಡಿಪದರ ಹರಿದು ನೀರು ನಿಲ್ಲದಂತಾಗಬಹುದು; ಅಂಗಳದ ತಲಪರಿಗೆ ಗುರುತಿಲ್ಲದಂತೆ ಹೂತುಹೋಗಬಹುದು. ಬಂಡಿಯ ಕಾಲದಲ್ಲಿ ವರ್ಷವರ್ಷವೂ ತೆಳ್ಳನೆಯ ಗೋಡನ್ನಷ್ಟೇ ಎತ್ತುತ್ತಿದ್ದುದರಲ್ಲಿ ಒಂದು ವಿವೇಕವಿತ್ತು. ಆ ಗೋಡು ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ಈಗಲೂ ಹೂಳೆತ್ತುವ ಮುನ್ನ ಊರ ಹಿರಿಯರೊಡನೆ ಅಂಗಳದಲ್ಲಿ ನಡೆದು ತಲಪರಿಗೆಯ ಜಾಗ ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆ. ಕೆರೆಗಿಂತ ಮೊದಲು ಕಾಲುವೆ, ಕಾಲುವೆಗಿಂತ ಮೊದಲು ದಿಣ್ಣೆಯ ಬದು ಎಂಬ ಕ್ರಮದಲ್ಲಿ ಹಣ ವ್ಯಯವಾಗಬೇಕು. ಬೇಲಿಗೆ ಹೊಂಗೆ, ಬೇವು, ದಂಡೆಗೆ ಈಚಲು, ಅತ್ತಿ ಮರಳಿದರೆ ಮಣ್ಣೂ ನಿಲ್ಲುತ್ತದೆ, ಕಾಡುಪಾಪಕ್ಕೆ ಹಾದಿಯೂ ಸಿಗುತ್ತದೆ.

ನೀರಗಂಟಿಯ ಸ್ಥಾನ ತುಂಬುವುದು ಇದಕ್ಕಿಂತ ಕಷ್ಟದ ಕೆಲಸ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿದ್ದು ಸರಿಯಾಗಿಯೇ ಇತ್ತು. ಆದರೆ ತೂಬು ಎತ್ತುವವನ, ಮಳೆಯ ರಾತ್ರಿ ಏರಿ ಕಾಯುವವನ ಜಾಗಕ್ಕೆ ಯಾರೂ ಬರಲಿಲ್ಲ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳ ಹೊಣೆ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಜವಾಬ್ದಾರಿ ಹೀಗೆ ಕಾಗದದ ಮೇಲೆ ಹಂಚಿಹೋಗಿದೆ. ಏರಿಯ ಮೇಲೆ ನಡೆದಾಡುವ ಒಬ್ಬ ಮನುಷ್ಯನಿಗೆ ಸಂಬಳ ಕೊಡುವ ಬಾಬ್ತು ಮಾತ್ರ ಎಲ್ಲೂ ಕಾಣದು. ಊರಿನ ಯಾವ ಜಾತಿಯ ಯುವಕನಾದರೂ ಯುವತಿಯಾದರೂ ಸರಿ, ಪಂಚಾಯಿತಿಯಿಂದ ನೇಮಕಗೊಂಡ ನೀರಗಂಟಿಯೊಬ್ಬರಿದ್ದರೆ ಅನೇಕ ದುರಸ್ತಿಗಳು ಹಾರೆ-ಗುದ್ದಲಿಯಲ್ಲೇ ಮುಗಿಯುತ್ತವೆ.

ತಲಪರಿಗೆಗಳ ವಿಷಯದಲ್ಲಿ ಮೊದಲ ತುರ್ತು ಇನ್ನೂ ಸಣ್ಣದು, ಕಚೇರಿಯ ಮಟ್ಟದ್ದು. ಕೆರೆಗೆ ಸರ್ವೆ ನಂಬರ್ ಇದೆ, ಕಂದಾಯ ನಕ್ಷೆಯಲ್ಲಿ ಗೆರೆಯಿದೆ. ಒತ್ತುವರಿಯಾದರೆ ದೂರು ಕೊಡಲು ಆಧಾರವಿದೆ. ಅಂಗಳದ ಮೂಲೆಯಲ್ಲಿ, ಹಳ್ಳದ ಮರಳಿನಲ್ಲಿ, ಕೆಲವೊಮ್ಮೆ ಖಾಸಗಿ ಜಮೀನಿನ ಅಂಚಿನಲ್ಲಿರುವ ತಲಪರಿಗೆಗಳಲ್ಲಿ ಅನೇಕಕ್ಕೆ ಅಂತಹ ದಾಖಲೆಯೇ ಇಲ್ಲ. ಅವು ಇರುವುದು ಎಪ್ಪತ್ತು-ಎಂಬತ್ತು ದಾಟಿದ ರೈತರ ನೆನಪಿನಲ್ಲಿ. ಗ್ರಾಮ ಆಡಳಿತ ಅಧಿಕಾರಿಯೊಬ್ಬರು ಅವರನ್ನು ಕರೆದುಕೊಂಡು ಊರ ಸುತ್ತ ಒಂದು ದಿನ ನಡೆದು, ಪ್ರತಿಯೊಂದನ್ನೂ ನಕ್ಷೆಯಲ್ಲಿ ಗುರುತಿಸಿ, ಅದರ ಸುತ್ತ ಇಷ್ಟು ದೂರದೊಳಗೆ ಕೊಳವೆಬಾವಿ ಕೊರೆಯುವಂತಿಲ್ಲವೆಂದು ಗ್ರಾಮಸಭೆಯಲ್ಲಿ ನಿರ್ಣಯ ಬರೆಸಲು ವಿಶ್ವಬ್ಯಾಂಕ್ ಸಾಲ ಬೇಕಾಗುವುದಿಲ್ಲ. ಹೂಳೆತ್ತಲು ಅನುಕೂಲವಾದ ಕಾಲ ಫೆಬ್ರುವರಿಯಿಂದ ಮೇ ತಿಂಗಳವರೆಗೆ, ಕೆರೆಯಂಗಳ ಒಣಗಿ ಒರತೆಯ ತೇವ ಮಾತ್ರ ಬೇರೆಯಾಗಿ ಕಾಣುವ ದಿನಗಳಲ್ಲಿ.